ಕಾಯಿ ತುರಿಯುವ ಯಂತ್ರವೂ ದೋಣಿಯ ಮೋಟಾರೂ

ಕುಂದಾಪುರದ ಕಡೆಯ ಓದುಗರೊಬ್ಬರು ಕೇಳಿದ್ದಾರೆ: ‘ತಂದೆಯ ಕಾಲದ ಫೈಬರ್ ದೋಣಿಯೊಂದು ತೆಂಗಿನ ಮರದಡಿ ಬಿದ್ದಿದೆ. 12 ಅಡಿ ಉದ್ದ, ಹಿಂದುಗಡೆ ಮೂರೂವರೆ ಅಡಿ ಅಗಲ. 15 ಎಚ್‌ಪಿಯ ಹಳೆಯ ಔಟ್‌ಬೋರ್ಡ್ ಎಂಜಿನ್ ಅಗ್ಗಕ್ಕೆ ಸಿಗುತ್ತಿದೆ. ಬಿಗಿದುಕೊಂಡು ಹೊಳೆಯಲ್ಲಿ ಓಡಾಡಬಹುದೇ?’ ಪತ್ರದ ತುಂಬ ಎಂಜಿನ್ನಿನ ವಿಷಯವೇ. ಅದನ್ನು ಹೊರಬೇಕಾದ ಹಿಂಬದಿಯ ಹಲಗೆ, ಅಂದರೆ ಟ್ರಾನ್ಸಮ್, ಹೇಗಿದೆ ಎಂಬ ಬಗ್ಗೆ ಒಂದಕ್ಷರವಿಲ್ಲ.

ಮೇಜಿನ ಅಂಚಿಗೆ ತಿರುಪಿನಿಂದ ಬಿಗಿದು, ಕೈಹಿಡಿ ತಿರುಗಿಸಿ ಕಾಯಿ ತುರಿಯುವ ಯಂತ್ರವನ್ನು ನೀವು ನೋಡಿರುತ್ತೀರಿ. ತೇಗದ ಮೇಜಿಗೆ ಬಿಗಿದರೆ ಅಲುಗದು. ಅದನ್ನೇ ನೀರು ಕುಡಿದು ಉಬ್ಬಿದ ಅಗ್ಗದ ಹಲಗೆಗೆ ಬಿಗಿದು ನೋಡಿ. ಎರಡನೆಯ ಕಡಿ ತುರಿಯುವಷ್ಟರಲ್ಲಿ ಯಂತ್ರ ವಾಲುತ್ತದೆ. ಇನ್ನಷ್ಟು ಬಿಗಿದರೆ ತಿರುಪಿನ ಬಿಲ್ಲೆ ಹಲಗೆಯೊಳಕ್ಕೇ ಇಳಿಯುತ್ತದೆ. ತಪ್ಪು ತಿರುಪಿನದಲ್ಲ. ದೋಣಿಯ ಮೋಟಾರನ್ನೂ ಎರಡು ತಿರುಪುಗಳಿರುವ ಬ್ರಾಕೆಟ್ಟಿನಿಂದ ಟ್ರಾನ್ಸಮ್‌ನ ಮೇಲಂಚಿಗೆ ಬಿಗಿಯುತ್ತಾರೆ, ಅದರದೂ ಇದೇ ಕತೆ. ಆದರೆ ಇಲ್ಲಿ ತಿರುಗಿಸುವುದು ಅಮ್ಮನ ಕೈಯಲ್ಲ, 15 ಕುದುರೆಗಳು.

ಲೆಕ್ಕ ಹಾಕೋಣ. 15 ಎಚ್‌ಪಿ ಎಂಜಿನ್ ಗಂಟೆಗೆ 18 ಕಿ.ಮೀ. ವೇಗದಲ್ಲಿ ದೋಣಿಯನ್ನು ಸುಮಾರು 100 ಕಿಲೋ ಬಲದಿಂದ ತಳ್ಳುತ್ತದೆ ಎನ್ನಿ. ನೀರನ್ನು ತಳ್ಳುವ ಫ್ಯಾನ್ (ಪ್ರೊಪೆಲ್ಲರ್) ಇರುವುದು ಹಲಗೆಯ ಮೇಲಂಚಿನಿಂದ ಸುಮಾರು 65 ಸೆಂ.ಮೀ. ಕೆಳಗೆ. ಬ್ರಾಕೆಟ್ಟಿನ ಪಾದ ಹಲಗೆಗೆ ಒರಗುವುದು 25 ಸೆಂ.ಮೀ. ಕೆಳಗೆ. ಇದು ಹಾರೆಯಿಂದ ಕಲ್ಲು ಮೀಟುವ ಲೆಕ್ಕ: ಪಾದ ಹಲಗೆಯನ್ನು 260 ಕಿಲೋ ಬಲದಿಂದ ಮುಂದಕ್ಕೆ ಒತ್ತುತ್ತದೆ, ಮೇಲಂಚನ್ನು 160 ಕಿಲೋ ಬಲ ಹಿಂದಕ್ಕೆ ಎಳೆಯುತ್ತದೆ. ಒಂದೇ ಹಲಗೆ, ಒಂದು ಗೇಣಿನ ಅಂತರದಲ್ಲಿ, ಎರಡು ವಿರುದ್ಧ ದಿಕ್ಕಿಗೆ. ರಿವರ್ಸ್ ಹಾಕಿದರೆ ಎರಡೂ ತಿರುಗುಮುರುಗು. ಅಲೆ ಬಡಿದಾಗೆಲ್ಲ ಎಂಜಿನ್ನಿನ ತೂಕದ ಕುಲುಕಾಟ ಬೇರೆ.

ಈ ತಿರುಪಿನ ವ್ಯವಸ್ಥೆ ಹುಟ್ಟಿದ್ದು ಇಷ್ಟು ಬಲಕ್ಕಲ್ಲ. ಅಮೆರಿಕದ ವಿಸ್ಕಾನ್ಸಿನ್‌ನ ಒಕಾಚಿ ಸರೋವರದಲ್ಲಿ ನಾರ್ವೆ ಮೂಲದ ಓಲೆ ಎವಿನ್‌ರೂಡ್ ತನ್ನ ಹುಡುಗಿ ಬೆಸ್‌ಗಾಗಿ ಐಸ್‌ಕ್ರೀಂ ತರಲು ಹುಟ್ಟು ಹಾಕಿ ಹೋದನಂತೆ. ವಾಪಸಾಗುವಷ್ಟರಲ್ಲಿ ಅದು ಕರಗಿ ನೀರಾಗಿತ್ತಂತೆ. ಮೋಟಾರಿನ ಯೋಚನೆ ಅಲ್ಲಿಂದ ಬಂತು ಎನ್ನುವುದು ಕತೆ. ಅವನು ಮಾಡಿದ್ದನ್ನು ಕಂಡ ಬೆಸ್, ಕಾಫಿ ಬೀಜ ಪುಡಿಮಾಡುವ ಗಿರಣಿಯ ಹಾಗಿದೆ ಎಂದಳಂತೆ! (ನನ್ನ ತುರಿಯುವ ಯಂತ್ರದ ಹೋಲಿಕೆಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.) ಅವನಿಗೂ ಮೊದಲೇ, 1907ರಲ್ಲಿ, ಕ್ಯಾಮರನ್ ವಾಟರ್‌ಮನ್ ಇಂಥದ್ದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಜನಕ್ಕೆ ನೆನಪಿರುವುದು ಐಸ್‌ಕ್ರೀಂ. 1909ರಲ್ಲಿ ಮಾರಾಟಕ್ಕೆ ಬಂದ ಎವಿನ್‌ರೂಡ್ ಮೋಟಾರಿನ ಶಕ್ತಿ ಕೇವಲ ಒಂದೂವರೆ ಎಚ್‌ಪಿ, ತೂಕ 28 ಕಿಲೋ. ಎಂಜಿನ್ ಆಮೇಲೆ ಹತ್ತು ಪಟ್ಟು ಬೆಳೆದರೂ ಸಣ್ಣ ದೋಣಿಗಳಲ್ಲಿ ಹಿಡಿತ ಮಾತ್ರ ಅದೇ ಎರಡು ತಿರುಪುಗಳದು. ಹಳೆಯ ಟೂ ಸ್ಟ್ರೋಕ್ ತೆಗೆದು ಅಷ್ಟೇ ಎಚ್‌ಪಿಯ ಫೋರ್ ಸ್ಟ್ರೋಕ್ ಹಾಕಿದರೆ ಸಾಮಾನ್ಯವಾಗಿ ತೂಕವೂ ಏರುತ್ತದೆ. ‘ಯಾವ ದೋಣಿಗಾದರೂ ಐದೇ ನಿಮಿಷದಲ್ಲಿ ಕೂರಿಸಿ’ ಎನ್ನುವವರು ಇದನ್ನು ಹೇಳುವುದಿಲ್ಲ.

ಫೈಬರ್ ದೋಣಿ ಕೊಳೆಯುವುದಿಲ್ಲ ಎಂಬ ನಂಬಿಕೆಯಿದೆ. ಫೈಬರ್ ಕೊಳೆಯದು, ನಿಜ. ಆದರೆ ಬಹುಪಾಲು ಹಳೆಯ ದೋಣಿಗಳ ಟ್ರಾನ್ಸಮ್‌ನಲ್ಲಿ ಫೈಬರಿನ ಎರಡು ಪದರಗಳ ನಡುವೆ ಪ್ಲೈವುಡ್ ಇರುತ್ತದೆ. ಸೀಲ್ ಮಾಡದ ಒಂದು ಬೋಲ್ಟಿನ ತೂತು ಸಾಕು, ನೀರು ಒಳಗಿಳಿಯುತ್ತದೆ, ಹೊರಬರಲು ದಾರಿಯಿಲ್ಲ. ಮರದ ತೇವಾಂಶ 20 ಪ್ರತಿಶತಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಮುಚ್ಚಿದ ಒದ್ದೆಯಲ್ಲಿ ಅದಕ್ಕೆ ಹಬ್ಬ. ಸೋಜಿಗವೆಂದರೆ, ಇಲ್ಲಿ ಸಮುದ್ರದ ಉಪ್ಪುನೀರಿಗಿಂತ ಮಳೆಯ ಸಿಹಿನೀರೇ ಹೆಚ್ಚು ಅಪಾಯ, ಏಕೆಂದರೆ ಉಪ್ಪು ಶಿಲೀಂಧ್ರವನ್ನು ತಡೆಯುತ್ತದೆ. ತೆಂಗಿನ ಮರದಡಿ ಕರಾವಳಿಯ ಅದೆಷ್ಟು ಮಳೆಗಾಲ ಕಳೆಯಿತೋ ನಿಮ್ಮ ದೋಣಿ!

ಹಲಸಿನಕಾಯಿಯನ್ನು ಬಡಿದು ನೋಡುವಂತೆ ಸುತ್ತಿಗೆಯ ಹಿಡಿಯಿಂದ ಹಲಗೆಯನ್ನೆಲ್ಲ ತಟ್ಟಿ. ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ದಪ್ ಎನ್ನುತ್ತದೆ. ಅನುಮಾನ ಬಂದಲ್ಲಿ ಒಳಬದಿಯಿಂದ ಸಣ್ಣ ತೂತು ಕೊರೆಯಿರಿ. ಕಂದು ಬಣ್ಣದ ಒದ್ದೆ ಪುಡಿ ಬಂದರೆ ಪ್ಲೈವುಡ್ ಪೂರಾ ಬದಲಿಸಬೇಕು. ಮೇಲೊಂದು ಅಲ್ಯೂಮಿನಿಯಂ ತಗಡು ಹೊಡೆಯುವುದು ಹುಣ್ಣಿಗೆ ಪೌಡರ್ ಹಚ್ಚಿದಂತೆ. ಹೊಸ ಹಲಗೆಗೂ ಬರೀ ತಿರುಪು ಸಾಲದು. ಹಲಗೆಯನ್ನು ತೂರಿ ಆಚೆ ಬರುವ ಬೋಲ್ಟ್, ಅದರ ತೂತಿಗೆ ಸೀಲಂಟ್, ಎಂಜಿನ್ನಿನಿಂದ ದೋಣಿಗೆ ಒಂದು ಸರಪಳಿ ಬೇಕೇ ಬೇಕು.

ಇನ್ನು ಎಚ್‌ಪಿ. ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಒಂದು ಸರಳ ನಿಯಮವಿದೆ: ಅಡಿಗಳಲ್ಲಿ ಉದ್ದವನ್ನು ಹಿಂಬದಿಯ ಅಗಲದಿಂದ ಗುಣಿಸಿ. ನಿಮ್ಮದು 42 ಬರುತ್ತದೆ. 42ಕ್ಕೆ ಮಿತಿ ಏಳೂವರೆ ಎಚ್‌ಪಿ. ತಳ ಚಪ್ಪಟೆಯಾಗಿ ಅಂಚು ಚೂಪಾಗಿದ್ದರೆ ಇನ್ನೊಂದು ಮೆಟ್ಟಿಲು ಕೆಳಗೆ, ಐದು. ಆದ್ದರಿಂದ ಹಲಗೆ ಹೊಸದಾದರೂ ಆ 15 ಎಚ್‌ಪಿ ನಿಮ್ಮ ದೋಣಿಗೆ ಬೇಡ. ಮುಂಗಡ ಕೊಟ್ಟಿದ್ದರೆ ವಾಪಸ್ ಕೇಳಿ.