ಗಾಥಿಕ್ ಮತ್ತು ಆಧುನಿಕ ಭಯಾನಕ ಸಾಹಿತ್ಯದ ತೌಲನಿಕ ಬೋಧನೆ

ಗಾಥಿಕ್ ಮತ್ತು ಆಧುನಿಕ ಭಯಾನಕ ಸಾಹಿತ್ಯದ ತೌಲನಿಕ ಬೋಧನೆಯು ಹದಿಹರೆಯದ ವಿದ್ಯಾರ್ಥಿಗಳಿಗೆ 18 ಮತ್ತು 19ನೆಯ ಶತಮಾನಗಳ ಗಾಥಿಕ್ ಕೃತಿಗಳನ್ನು ನಂತರದ ಕಾಲದ ಭಯಾನಕ ಕಥನಗಳ ಜೊತೆಯಲ್ಲಿ ಓದಿಸಿ, ಅವುಗಳ ಸಾಮ್ಯ ಮತ್ತು ವ್ಯತ್ಯಾಸಗಳನ್ನು ವಿವರಿಸಲು ಕಲಿಸುವ ಒಂದು ಸಾಹಿತ್ಯ ಬೋಧನಾ ಕ್ರಮವಾಗಿದೆ. ಇದು ಇಂಗ್ಲೆಂಡಿನ ಪ್ರೌಢ ಹಂತದ ಇಂಗ್ಲಿಷ್ ಸಾಹಿತ್ಯ ಪಠ್ಯಕ್ರಮದಲ್ಲಿ ಸ್ಪಷ್ಟ ಸ್ಥಾನವನ್ನು ಪಡೆದಿದೆ. ಭಯವು ಎಲ್ಲ ಕಾಲದ ಮನುಷ್ಯರಿಗೂ ಸಹಜವಾದುದು. ಆದರೆ ಭಯವನ್ನು ಹುಟ್ಟಿಸುವ ಸಂಗತಿಗಳು ಸಮಾಜದೊಂದಿಗೆ ಬದಲಾಗುತ್ತವೆ. ಈ ಬದಲಾವಣೆಯ ಕಾರಣಗಳನ್ನು ಕೃತಿಗಳಲ್ಲಿಯೇ ಹುಡುಕುವುದು ಹೋಲಿಕೆಯ ಮುಖ್ಯ ಉದ್ದೇಶವಾಗಿದೆ.

ಗಾಥಿಕ್ ಸಾಹಿತ್ಯದ ಹಿನ್ನೆಲೆ

ಹೊರೇಸ್ ವಾಲ್‌ಪೋಲ್‌ನ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' (1764) ಮೊದಲ ಗಾಥಿಕ್ ಕಾದಂಬರಿಯೆಂದು ಪರಿಗಣಿತವಾಗಿದೆ. ಹಳೆಯ ಇಟಾಲಿಯನ್ ಕೃತಿಯೊಂದರ ಅನುವಾದವೆಂಬ ಸೋಗಿನಲ್ಲಿ ಪ್ರಕಟವಾದ ಈ ಪುಸ್ತಕದ ಎರಡನೆಯ ಮುದ್ರಣದಲ್ಲಿ 'ಗಾಥಿಕ್ ಕಥೆ' ಎಂಬ ಉಪಶೀರ್ಷಿಕೆ ಸೇರಿತು. ಆಗ 'ಗಾಥಿಕ್' ಎಂಬ ಪದವು ಮಧ್ಯಯುಗೀನವಾದುದನ್ನು ಸೂಚಿಸುತ್ತಿತ್ತು. ಆನ್ ರ‍್ಯಾಡ್‌ಕ್ಲಿಫ್‌ಳ 'ದಿ ಮಿಸ್ಟರೀಸ್ ಆಫ್ ಉಡಾಲ್ಫೊ' (1794) ಮತ್ತು ಮ್ಯಾಥ್ಯೂ ಲೂಯಿಸ್‌ನ 'ದಿ ಮಂಕ್' (1796) ಈ ಪ್ರಕಾರವನ್ನು ಜನಪ್ರಿಯಗೊಳಿಸಿದವು. ಪಾಳುಬಿದ್ದ ಕೋಟೆ, ಗುಪ್ತ ದಾರಿ, ವಂಶಕ್ಕೆ ಅಂಟಿದ ಪಾಪ, ಸೆರೆಯಲ್ಲಿರುವ ನಾಯಕಿ ಮತ್ತು ದಬ್ಬಾಳಿಕೆಯ ಯಜಮಾನ ಇದರ ಪ್ರಮುಖ ಲಕ್ಷಣಗಳು.

19ನೆಯ ಶತಮಾನದಲ್ಲಿ ಭಯದ ನೆಲೆಯು ಕೋಟೆಯಿಂದ ಪ್ರಯೋಗಶಾಲೆ, ನಗರ ಮತ್ತು ಮನಸ್ಸಿನ ಕಡೆಗೆ ಸರಿಯಿತು. ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' (1818), ಎಡ್ಗರ್ ಅಲನ್ ಪೋನ 'ದಿ ಫಾಲ್ ಆಫ್ ದಿ ಹೌಸ್ ಆಫ್ ಅಷರ್' (1839), ರಾಬರ್ಟ್ ಲೂಯಿ ಸ್ಟೀವನ್‌ಸನ್‌ನ ಡಾ. ಜೆಕಿಲ್ ಮತ್ತು ಮಿಸ್ಟರ್ ಹೈಡ್ ಕಥೆ (1886) ಹಾಗೂ ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ' (1897) ತರಗತಿಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಕೃತಿಗಳು.

ಆಧುನಿಕ ಭಯಾನಕ ಸಾಹಿತ್ಯ

20ನೆಯ ಶತಮಾನದಲ್ಲಿ ಭಯವು ದೂರದ ದೇಶಗಳನ್ನು ಬಿಟ್ಟು ಓದುಗನ ನೆರೆಹೊರೆಗೆ ಬಂದಿತು. ಶರ್ಲಿ ಜಾಕ್ಸನ್‌ಳ 'ದಿ ಹಾಂಟಿಂಗ್ ಆಫ್ ಹಿಲ್ ಹೌಸ್' (1959) ಕಾದಂಬರಿಯಲ್ಲಿ ಕಾಟ ಮನೆಯದೋ ನಾಯಕಿಯ ಒಂಟಿತನದ್ದೋ ಎಂಬುದು ಕೊನೆಯವರೆಗೂ ನಿರ್ಧಾರವಾಗುವುದಿಲ್ಲ. ಸ್ಟೀಫನ್ ಕಿಂಗ್‌ನ 'ಕ್ಯಾರಿ' (1974) ಸಹಪಾಠಿಗಳ ಕಿರುಕುಳಕ್ಕೆ ಒಳಗಾದ ಶಾಲಾ ಬಾಲಕಿಯೊಬ್ಬಳ ಕಥೆ. ಏಂಜೆಲಾ ಕಾರ್ಟರ್‌ಳ 'ದಿ ಬ್ಲಡಿ ಚೇಂಬರ್' (1979) ಹಳೆಯ ಜಾನಪದ ಕಥೆಗಳನ್ನು ಸ್ತ್ರೀವಾದಿ ದೃಷ್ಟಿಯಿಂದ ಮರುಕಥಿಸುತ್ತದೆ. ಟೋನಿ ಮಾರಿಸನ್‌ಳ 'ಬಿಲವೆಡ್' (1987) ಅಮೆರಿಕದ ಗುಲಾಮಗಿರಿಯ ನೆನಪನ್ನೇ ಪ್ರೇತರೂಪದಲ್ಲಿ ಮನೆಯೊಳಗೆ ತರುತ್ತದೆ.

ಗಾಥಿಕ್ ಮತ್ತು ಆಧುನಿಕ ಭಯಾನಕ ಸಾಹಿತ್ಯಗಳ ನಡುವೆ ಖಚಿತವಾದ ಗಡಿರೇಖೆ ಇಲ್ಲ. ಎರಡನೆಯದು ಮೊದಲನೆಯದರಿಂದಲೇ ಬೆಳೆದು ಬಂದುದು. ಸೂಸನ್ ಹಿಲ್‌ಳ 'ದಿ ವುಮನ್ ಇನ್ ಬ್ಲ್ಯಾಕ್' (1983) ಇತ್ತೀಚಿನ ಕೃತಿಯಾದರೂ ವಿಕ್ಟೋರಿಯನ್ ಪ್ರೇತಕಥೆಯ ಕ್ರಮವನ್ನು ಉದ್ದೇಶಪೂರ್ವಕವಾಗಿ ಅನುಸರಿಸುತ್ತದೆ.

ಭೀತಿ ಮತ್ತು ಜುಗುಪ್ಸೆ

ಹೋಲಿಕೆಗೆ ಉಪಯುಕ್ತವಾದ ಪರಿಕಲ್ಪನೆಯೊಂದನ್ನು ರ‍್ಯಾಡ್‌ಕ್ಲಿಫ್ ತನ್ನ ಮರಣಾನಂತರ 1826ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ನೀಡಿದ್ದಾಳೆ. ಅವಳ ಪ್ರಕಾರ 'ಟೆರರ್' ಮತ್ತು 'ಹಾರರ್' ಬೇರೆ ಬೇರೆ ಅನುಭವಗಳು. ಅಸ್ಪಷ್ಟತೆಯಿಂದ ಹುಟ್ಟುವ ಮೊದಲನೆಯದು ಮನಸ್ಸನ್ನು ಎಚ್ಚರಿಸಿ ವಿಸ್ತರಿಸುತ್ತದೆ. ಎರಡನೆಯದು ಅದನ್ನು ಕುಗ್ಗಿಸಿ ಮರಗಟ್ಟಿಸುತ್ತದೆ. ಮುಚ್ಚಿದ ಬಾಗಿಲಿನ ಹಿಂದಿನ ಸದ್ದು ಮೊದಲನೆಯದಕ್ಕೆ ಉದಾಹರಣೆಯಾದರೆ, ಬಾಗಿಲು ತೆರೆದಾಗ ಕಾಣುವ ಕೊಳೆತ ಶವ ಎರಡನೆಯದಕ್ಕೆ ಉದಾಹರಣೆ.

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಸಮೀಪದ ವಿಭಜನೆಯಿದೆ. ಭರತನ ನಾಟ್ಯಶಾಸ್ತ್ರವು ಭಯವನ್ನು ಸ್ಥಾಯಿಭಾವವಾಗಿ ಉಳ್ಳ ಭಯಾನಕವನ್ನೂ ಜುಗುಪ್ಸೆಯನ್ನು ಸ್ಥಾಯಿಭಾವವಾಗಿ ಉಳ್ಳ ಬೀಭತ್ಸವನ್ನೂ ಎರಡು ಪ್ರತ್ಯೇಕ ರಸಗಳಾಗಿ ಪರಿಗಣಿಸುತ್ತದೆ. ಇವೆರಡೂ ವಿಭಜನೆಗಳು ಒಂದೇ ಅಲ್ಲದಿದ್ದರೂ, ಹೆದರಿಕೆ ಮತ್ತು ಹೇಸಿಗೆಗಳನ್ನು ಬೇರ್ಪಡಿಸಿ ನೋಡಲು ಎರಡೂ ನೆರವಾಗುತ್ತವೆ.

ಪಠ್ಯಕ್ರಮದಲ್ಲಿ ಸ್ಥಾನ

ಇಂಗ್ಲೆಂಡಿನ ರಾಷ್ಟ್ರೀಯ ಪಠ್ಯಕ್ರಮದಂತೆ 11ರಿಂದ 14 ವರ್ಷದ ವಿದ್ಯಾರ್ಥಿಗಳು 1914ಕ್ಕಿಂತ ಹಿಂದಿನ ಸಾಹಿತ್ಯವನ್ನೂ ಸಮಕಾಲೀನ ಸಾಹಿತ್ಯವನ್ನೂ ಓದಬೇಕು. 16ನೆಯ ವಯಸ್ಸಿನ ವೇಳೆಗೆ ಬರೆಯುವ ಜಿ.ಸಿ.ಎಸ್.ಇ. ಸಾಹಿತ್ಯ ಪರೀಕ್ಷೆಗೆ 19ನೆಯ ಶತಮಾನದ ಕಾದಂಬರಿಯೊಂದರ ಅಧ್ಯಯನ ಕಡ್ಡಾಯವಾಗಿದ್ದು, ಎ.ಕ್ಯು.ಎ. ಪರೀಕ್ಷಾ ಮಂಡಳಿಯ ಪಟ್ಟಿಯಲ್ಲಿ 'ಫ್ರಾಂಕೆನ್‌ಸ್ಟೈನ್' ಮತ್ತು ಜೆಕಿಲ್-ಹೈಡ್ ಕಥೆಗಳು ಸೇರಿವೆ. ಮುಂದಿನ ಎ-ಲೆವೆಲ್ ಹಂತದಲ್ಲಿ ಓ.ಸಿ.ಆರ್. ಮಂಡಳಿಯು 'ಗಾಥಿಕ್' ಎಂಬ ತೌಲನಿಕ ವಿಷಯಕ್ಕೆ 'ಡ್ರಾಕುಲಾ' ಮತ್ತು 'ದಿ ಬ್ಲಡಿ ಚೇಂಬರ್' ಕೃತಿಗಳನ್ನು ಮೂಲಪಠ್ಯಗಳಾಗಿ ನಿಗದಿಪಡಿಸಿದೆ.

ಹೋಲಿಕೆಯ ಅಂಶಗಳು

* ಸ್ಥಳ: ಗಾಥಿಕ್ ಕೃತಿಗಳಲ್ಲಿ ಕೋಟೆ, ಮಠ ಮತ್ತು ಪಾಳುಮನೆಗಳು, ಆಧುನಿಕ ಕೃತಿಗಳಲ್ಲಿ ಸಣ್ಣ ಪಟ್ಟಣ, ಶಾಲೆ ಮತ್ತು ಹೋಟೆಲುಗಳು. ಹೊರಗಿನಿಂದ ಕಡಿದುಹೋದ ಜಾಗವೆಂಬುದು ಎರಡಕ್ಕೂ ಸಮಾನ.
* ಭಯದ ಮೂಲ: ಮೊದಲ ಹಂತದಲ್ಲಿ ಪೂರ್ವಜರ ಪಾಪ, ಅನ್ಯದೇಶದ ಆಗಂತುಕ ಅಥವಾ ಮಿತಿಮೀರಿದ ವಿಜ್ಞಾನ; ನಂತರ ಕುಟುಂಬದ ಹಿಂಸೆ, ಸಮೂಹದ ಕ್ರೌರ್ಯ ಹಾಗೂ ಇತಿಹಾಸದ ಗಾಯಗಳು.
* ಅತಿಮಾನುಷದ ನಿರ್ವಹಣೆ: ರ‍್ಯಾಡ್‌ಕ್ಲಿಫ್ ವಿಚಿತ್ರ ಘಟನೆಗಳಿಗೆ ಕೊನೆಯಲ್ಲಿ ಲೌಕಿಕ ಕಾರಣ ನೀಡುತ್ತಾಳೆ, ಉಡಾಲ್ಫೊ ಕೋಟೆಯ ಕಪ್ಪು ಪರದೆಯ ಹಿಂದೆ ಇದ್ದುದು ಮೇಣದ ಬೊಂಬೆ. ಲೂಯಿಸ್ ಅತಿಮಾನುಷವನ್ನು ನಿಜವೆಂದೇ ಚಿತ್ರಿಸುತ್ತಾನೆ. ಜಾಕ್ಸನ್ ಉತ್ತರವನ್ನೇ ನೀಡುವುದಿಲ್ಲ.
* ನಿರೂಪಣೆ: 'ಡ್ರಾಕುಲಾ' ದಿನಚರಿ, ಪತ್ರ, ತಂತಿ ಸಂದೇಶ ಮತ್ತು ಪತ್ರಿಕಾ ವರದಿಗಳಿಂದ ಕೂಡಿದೆ. 'ಕ್ಯಾರಿ'ಯೂ ವರದಿ, ಪುಸ್ತಕಭಾಗ ಮತ್ತು ಸಾಕ್ಷ್ಯಗಳನ್ನು ಬಳಸುತ್ತದೆ. ನಂಬಲಾಗದುದನ್ನು ದಾಖಲೆಗಳ ಮೂಲಕ ನಂಬಿಸುವುದು ಇಬ್ಬರ ತಂತ್ರವೂ ಹೌದು.
* ಮುಕ್ತಾಯ: ವ್ಯವಸ್ಥೆಯು ಮರಳಿ ಸ್ಥಾಪನೆಯಾಗುವುದೋ ಅಥವಾ ಕೇಡು ಉಳಿದುಕೊಳ್ಳುವುದೋ ಎಂಬ ಪ್ರಶ್ನೆ.

ಉದಾಹರಣೆ: 'ಡ್ರಾಕುಲಾ' ಮತ್ತು 'ಸೇಲಮ್ಸ್ ಲಾಟ್'

ಈ ಜೋಡಿಗೆ ತರಗತಿಯೊಡನೆ ನೇರ ಸಂಬಂಧವಿದೆ. ಸ್ಟೀಫನ್ ಕಿಂಗ್ ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಪ್ರೌಢಶಾಲಾ ಶಿಕ್ಷಕನಾಗಿದ್ದಾಗ 'ಡ್ರಾಕುಲಾ'ವನ್ನು ಪಾಠ ಮಾಡುತ್ತಿದ್ದ. ಡ್ರಾಕುಲಾ 20ನೆಯ ಶತಮಾನದ ಅಮೆರಿಕಕ್ಕೆ ಬಂದರೆ ಏನಾದೀತೆಂಬ ಯೋಚನೆಯಿಂದ 'ಸೇಲಮ್ಸ್ ಲಾಟ್' (1975) ಹುಟ್ಟಿತು.

ಸ್ಟೋಕರ್‌ನ ಕಾದಂಬರಿಯಲ್ಲಿ ರಕ್ತಪಿಪಾಸುವು ಟ್ರಾನ್ಸಿಲ್ವೇನಿಯಾದಿಂದ ಲಂಡನ್ನಿಗೆ ಬರುತ್ತಾನೆ. ವೈದ್ಯರು, ವಕೀಲ ಮತ್ತು ಶ್ರೀಮಂತರನ್ನು ಒಳಗೊಂಡ ಗುಂಪೊಂದು ಮೀನಾಳ ನೆರವಿನಿಂದ ಮಾಹಿತಿಯನ್ನು ಒಟ್ಟುಗೂಡಿಸಿ, ವಿಜ್ಞಾನ ಮತ್ತು ಧರ್ಮ ಎರಡನ್ನೂ ಬಳಸಿ ಅವನನ್ನು ಕೊನೆಗಾಣಿಸುತ್ತದೆ. ಕಿಂಗ್‌ನ ಕಾದಂಬರಿಯಲ್ಲಿ ಬಾರ್ಲೊ ಎಂಬ ರಕ್ತಪಿಪಾಸುವನ್ನು ನಾಶಮಾಡಿದರೂ ಪಟ್ಟಣವು ಉಳಿಯುವುದಿಲ್ಲ. ನೆರೆಯವರು ಪರಸ್ಪರ ಗುಟ್ಟುಗಳನ್ನು ಮುಚ್ಚಿಟ್ಟುಕೊಂಡು ಬದುಕುವ ಊರು ಒಳಗಿನಿಂದಲೇ ಕುಸಿಯುತ್ತದೆ. ಪಾದ್ರಿ ಕ್ಯಾಲಹನ್‌ನ ಶ್ರದ್ಧೆ ನಿರ್ಣಾಯಕ ಕ್ಷಣದಲ್ಲಿ ಸೋಲುತ್ತದೆ. ಲೇಖಕ ಬೆನ್ ಮತ್ತು ಬಾಲಕ ಮಾರ್ಕ್ ತಪ್ಪಿಸಿಕೊಂಡು ಹೋಗುತ್ತಾರೆ.

ಎರಡರಲ್ಲಿಯೂ ರಕ್ತಪಿಪಾಸುಗಳಿದ್ದಾರೆ ಎಂಬುದು ದುರ್ಬಲ ಹೋಲಿಕೆ. ಒಂದು ಕೃತಿ ಒಗ್ಗಟ್ಟಾದ ಸಮಾಜಕ್ಕೆ ಹೊರಗಿನ ಕೇಡನ್ನು ಸೋಲಿಸುವ ಶಕ್ತಿಯಿದೆ ಎಂದು ನಂಬುತ್ತದೆ, ಇನ್ನೊಂದು ಆ ನಂಬಿಕೆಯನ್ನೇ ಪ್ರಶ್ನಿಸುತ್ತದೆ ಎಂಬುದು ಸಮರ್ಥ ಹೋಲಿಕೆ. ಮೊದಲನೆಯದು ಲಕ್ಷಣವನ್ನು ಮಾತ್ರ ಗುರುತಿಸುತ್ತದೆ. ಎರಡನೆಯದು ಅದರ ಅರ್ಥವನ್ನು ವಿವರಿಸುತ್ತದೆ.

ಬೋಧನೆಯ ತೊಡಕುಗಳು

ಹಳೆಯ ಕೃತಿಗಳ ದೀರ್ಘ ವಾಕ್ಯಗಳು ಮತ್ತು ನಿಧಾನಗತಿಯು ವಿದ್ಯಾರ್ಥಿಗಳಿಗೆ ಕಷ್ಟವಾಗುತ್ತದೆ. ಇಡೀ ಕಾದಂಬರಿಗೆ ಮೊದಲು ಒಂದೇ ಪುಟದ ಎರಡು ಭಾಗಗಳನ್ನು, ಉದಾಹರಣೆಗೆ ಎರಡು ಮನೆಗಳ ವರ್ಣನೆಗಳನ್ನು, ಅಕ್ಕಪಕ್ಕದಲ್ಲಿಟ್ಟು ಓದಿಸುವುದು ಇದಕ್ಕೆ ಒಂದು ಪರಿಹಾರ.

ಚಲನಚಿತ್ರಗಳಿಂದ ಬಂದ ಪೂರ್ವಕಲ್ಪನೆ ಇನ್ನೊಂದು ತೊಡಕು. ಫ್ರಾಂಕೆನ್‌ಸ್ಟೈನ್ ಎಂಬುದು ವಿಕಾರ ಜೀವಿಯ ಹೆಸರೆಂಬ ತಿಳಿವಳಿಕೆ ವ್ಯಾಪಕವಾಗಿದೆ. ವಾಸ್ತವವಾಗಿ ಅದು ಸೃಷ್ಟಿಕರ್ತನ ಹೆಸರು. ಕಾದಂಬರಿಯಲ್ಲಿ ಹೆಸರಿಲ್ಲದ ಆ ಜೀವಿಯು ಓದಬಲ್ಲದು ಮತ್ತು ತನ್ನ ಪರಿತ್ಯಕ್ತ ಸ್ಥಿತಿಯನ್ನು ನಿರರ್ಗಳವಾಗಿ ವಾದಿಸಬಲ್ಲದು. ಈ ಮಾತನ್ನು ಕೇಳಿಸಿಕೊಳ್ಳದ ಓದುಗನಿಗೆ ಅಪರಾಧಿ ಯಾರೆಂಬ ಕೃತಿಯ ಕೇಂದ್ರ ಪ್ರಶ್ನೆಯೇ ತಪ್ಪಿಹೋಗುತ್ತದೆ.

ವಯಸ್ಸಿಗೆ ತಕ್ಕ ಆಯ್ಕೆಯೂ ಮುಖ್ಯ. ಆಧುನಿಕ ಕೃತಿಗಳಲ್ಲಿ ಲೈಂಗಿಕ ಹಿಂಸೆ, ಆತ್ಮಹತ್ಯೆ ಮತ್ತು ಮಕ್ಕಳ ಮೇಲಿನ ದೌರ್ಜನ್ಯಗಳ ಚಿತ್ರಣ ನೇರವಾಗಿರುತ್ತದೆ. ಪ್ರೇತದ ಕಥೆಯನ್ನು ಸುರಕ್ಷಿತ ದೂರದಿಂದ ಆನಂದಿಸುವ ವಿದ್ಯಾರ್ಥಿಗೆ, ತಾನೇ ಅನುಭವಿಸಿದ ಕಿರುಕುಳವನ್ನು 'ಕ್ಯಾರಿ'ಯಲ್ಲಿ ಓದುವಾಗ ಆ ದೂರ ಸಿಗದಿರಬಹುದು. ಆದ್ದರಿಂದ ವಿಷಯವನ್ನು ಮುಂಚಿತವಾಗಿ ತಿಳಿಸುವುದು ಮತ್ತು ಪರ್ಯಾಯ ಪಠ್ಯವನ್ನು ಒದಗಿಸುವುದು ಸೂಕ್ತ. ಆದರೆ ಎಲ್ಲ ಕಠೋರ ಸಂಗತಿಗಳನ್ನೂ ತೆಗೆದುಹಾಕಿದರೆ ಈ ಸಾಹಿತ್ಯವು ಕೇಳುವ ಪ್ರಶ್ನೆಗಳೂ ಇಲ್ಲವಾಗುತ್ತವೆ.

ಕನ್ನಡದ ಓದುಗರಿಗೆ

ಅತಿಮಾನುಷಕ್ಕೆ ಲೌಕಿಕ ವಿವರಣೆ ನೀಡುವ ರ‍್ಯಾಡ್‌ಕ್ಲಿಫ್‌ಳ ಕ್ರಮಕ್ಕೆ ಹತ್ತಿರದ ರಚನೆಯು ಕನ್ನಡ ಚಲನಚಿತ್ರ 'ಆಪ್ತಮಿತ್ರ'ದಲ್ಲಿ (2004) ಕಂಡುಬರುತ್ತದೆ. ಹಳೆಯ ಅರಮನೆ, ಬೀಗ ಹಾಕಿದ ಕೋಣೆ, ಹಿಂದೆ ನಡೆದ ಅನ್ಯಾಯದ ಕಥೆ ಮತ್ತು ಕೊನೆಗೆ ದೊರೆಯುವ ಮನೋವೈದ್ಯಕೀಯ ವಿವರಣೆ ಅದರ ಅಂಗಗಳು. ಇದು 1993ರ ಮಲಯಾಳಂ ಚಿತ್ರ 'ಮಣಿಚಿತ್ರತಾಳ್'ನ ಮರುನಿರ್ಮಾಣವಾಗಿದ್ದು, ಗಾಥಿಕ್ ಲಕ್ಷಣಗಳನ್ನು ಗುರುತಿಸಲು ಕಲಿಯುವವರಿಗೆ ಪರಿಚಿತ ಆರಂಭಬಿಂದುವಾಗಬಲ್ಲದು.