ಮನೆಯಲ್ಲಿಯೇ ಒಂದು ವಿದ್ಯುನ್ಮಾಪಕ

ದಿನಸಿ ಅಂಗಡಿಯವನು ತಿಂಗಳ ಕೊನೆಗೆ ಒಟ್ಟು ಮೊತ್ತವೊಂದನ್ನೇ ಚೀಟಿಯಲ್ಲಿ ಬರೆದು ಕಳುಹಿಸಿದರೆ, ಅಕ್ಕಿಗೆಷ್ಟು, ಬೇಳೆಗೆಷ್ಟು, ಎಣ್ಣೆಗೆಷ್ಟು ಎಂದು ಕೇಳದೆ ಹಣ ಕೊಡುವವರು ಯಾರೂ ಇರಲಾರರು. ಆದರೆ ವಿದ್ಯುಚ್ಛಕ್ತಿಯ ವಿಷಯದಲ್ಲಿ ನಾವೆಲ್ಲರೂ ಹೀಗೆಯೇ ನಡೆದುಕೊಳ್ಳುತ್ತಿದ್ದೇವೆ. ಬಿಲ್ಲಿನಲ್ಲಿ ಬಳಕೆಯನ್ನು ತಿಳಿಸುವುದು ಒಂದೇ ಅಂಕಿ: ಈ ತಿಂಗಳು ಇಷ್ಟು ಯೂನಿಟ್. ಅದರಲ್ಲಿ ಗೀಸರಿನ ಪಾಲೆಷ್ಟು, ಫ್ಯಾನಿನ ಪಾಲೆಷ್ಟು, ಯಾರೂ ಇಲ್ಲದ ಕೋಣೆಯಲ್ಲಿ ಉರಿಯುತ್ತಿದ್ದ ದೀಪದ ಪಾಲೆಷ್ಟು ಎಂಬುದು ನಮಗೆ ತಿಳಿಯುವುದಿಲ್ಲ.

೨೦೨೩ರಲ್ಲಿ ಕರ್ನಾಟಕದಲ್ಲಿ ಗೃಹಜ್ಯೋತಿ ಯೋಜನೆ ಆರಂಭವಾದಾಗ ಈ ಅಂಕಿಗೆ ಹೊಸದೊಂದು ಮಹತ್ವ ಬಂದಿತು. ತಿಂಗಳ ಬಳಕೆ ೨೦೦ ಯೂನಿಟ್ಟನ್ನು ಮೀರಿದರೆ ಬಿಲ್ಲನ್ನು ಪೂರ್ತಿಯಾಗಿ ಕಟ್ಟಬೇಕೆಂಬುದು ಅದರ ನಿಯಮಗಳಲ್ಲೊಂದಾಗಿತ್ತು. ೧೯೮ ಯೂನಿಟ್ ಬಳಸಿದ ಮನೆಗೂ ೨೦೨ ಯೂನಿಟ್ ಬಳಸಿದ ಮನೆಗೂ ಶಕ್ತಿಯಲ್ಲಿ ಅಂತರ ನಾಲ್ಕೇ ಯೂನಿಟ್; ಹಣದಲ್ಲಿ ಅಂತರ ಬಹಳ. ಗಡಿಯ ಸಮೀಪದಲ್ಲಿರುವ ಸಂಸಾರವು ತಿಂಗಳು ಮುಗಿಯುವ ಮೊದಲೇ ತನ್ನ ಲೆಕ್ಕವನ್ನು ತಿಳಿಯಬಯಸಿದರೆ ಅದು ಸಹಜವೇ ಆಗಿದೆ.

ಈ ಲೆಕ್ಕವನ್ನು ಇಡಬಲ್ಲ ಉಪಕರಣವೊಂದನ್ನು ಆಸಕ್ತಿಯುಳ್ಳ ಯಾರೇ ಆದರೂ ಇಂದು ತಾವೇ ಕಟ್ಟಿಕೊಳ್ಳಬಹುದು. ಇದಕ್ಕೆ ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಗಣಕ ನೆರವಾಗುತ್ತದೆ. ಲೆಕ್ಕ ಮಾಡುವ ಭಾಗ, ನೆನಪಿಡುವ ಭಾಗ, ಹೊರಗಿನ ಸಂಕೇತಗಳನ್ನು ಓದುವ ಭಾಗ, ಈ ಮೂರೂ ಅದರಲ್ಲಿ ಒಂದೇ ಬಿಲ್ಲೆಯೊಳಗೆ ಅಡಗಿರುತ್ತವೆ. ಆದರೆ ತಂತಿಗಳನ್ನು ಕೈಗೆತ್ತಿಕೊಳ್ಳುವ ಮೊದಲು, ವಿದ್ಯುನ್ಮಾಪಕವು ನಿಜವಾಗಿ ಅಳೆಯುವುದು ಏನನ್ನು ಎಂಬುದನ್ನು ವಿಚಾರ ಮಾಡೋಣ. ಮನೆಯಲ್ಲಿ ಕಟ್ಟಿದ ಅನೇಕ ಮಾಪಕಗಳು ಸುಳ್ಳು ಹೇಳುವುದು ಈ ಪ್ರಶ್ನೆಯನ್ನು ಕೇಳದೆ ಹೋದುದರಿಂದಲೇ.

ಎಡಿಸನ್ ೧೮೮೨ರಲ್ಲಿ ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ವಿದ್ಯುತ್ ಕೇಂದ್ರವನ್ನು ತೆರೆದನು. ಗಿರಾಕಿಗಳ ಲೆಕ್ಕಕ್ಕಾಗಿ ಅವನು ಬಳಸಿದ ಮಾಪಕ ಬಹು ಸರಳವಾದುದು. ಸತುವಿನ ಲವಣದ ದ್ರಾವಣದಲ್ಲಿ ಎರಡು ಸತುವಿನ ಫಲಕಗಳು. ಮನೆಗೆ ಹೋಗುವ ಪ್ರವಾಹದ ಅಲ್ಪಭಾಗ ಅವುಗಳ ಮೂಲಕ ಹಾಯುತ್ತಿತ್ತು. ಒಂದು ಫಲಕದ ಸತು ಕರಗಿ ಇನ್ನೊಂದರ ಮೇಲೆ ಕೂರುತ್ತಿತ್ತು. ತಿಂಗಳಿಗೊಮ್ಮೆ ಫಲಕಗಳನ್ನು ತೂಗಿ ಬಿಲ್ಲು ಬರೆಯುತ್ತಿದ್ದರು. ಈ ಮಾಪಕ ಅಳೆದದ್ದು ಹರಿದ ವಿದ್ಯುತ್ತನ್ನೇ ಹೊರತು ಶಕ್ತಿಯನ್ನಲ್ಲ. ಆದರೂ ಕೆಲಸ ಕೆಡಲಿಲ್ಲ. ಏಕೆಂದರೆ ಎಡಿಸನ್ನನದು ಒಂದೇ ದಿಕ್ಕಿನಲ್ಲಿ ಹರಿಯುವ ಪ್ರವಾಹ. ವೋಲ್ಟೇಜೂ ಹೆಚ್ಚುಕಡಿಮೆ ಸ್ಥಿರವಾದುದು.

ನಮ್ಮ ಮನೆಗಳಿಗೆ ಬರುವುದು ಪರ್ಯಾಯ ಪ್ರವಾಹ. ಸೆಕೆಂಡಿಗೆ ೫೦ ಸಲ ವೋಲ್ಟೇಜೂ ಪ್ರವಾಹವೂ ಹಿಂದುಮುಂದಾಗಿ ತೂಗುತ್ತಿರುತ್ತವೆ. ಇಸ್ತ್ರಿಪೆಟ್ಟಿಗೆಯಂಥ ಉಪಕರಣದಲ್ಲಿ ಎರಡೂ ಒಟ್ಟೊಟ್ಟಿಗೆ ತೂಗುವುವು. ಮೋಟರಿನಲ್ಲಿ ಪ್ರವಾಹ ತುಸು ಹಿಂದೆ ಬೀಳುವುದು. ಉಯ್ಯಾಲೆಯನ್ನು ತೂಗುವವನು ಅದು ಮುಂದೆ ಸಾಗುವಾಗ ತಳ್ಳಿದರೆ ಶಕ್ತಿಯನ್ನು ಕೊಡುತ್ತಾನೆ. ಹಿಂದಕ್ಕೆ ಬರುವಾಗ ಎದುರು ತಳ್ಳಿದರೆ ಕೊಟ್ಟ ಶಕ್ತಿಯನ್ನು ಹಿಂದಕ್ಕೆ ಪಡೆಯುತ್ತಾನೆ. ಪ್ರವಾಹವೂ ವೋಲ್ಟೇಜೂ ಹೊಂದಿ ನಡೆಯದ ಕ್ಷಣಗಳಲ್ಲಿ ಹೀಗೆಯೇ ಶಕ್ತಿ ಮನೆಯಿಂದ ತಂತಿಗೆ ಹಿಂದಿರುಗುವುದು. ಆದುದರಿಂದ ಪ್ರತಿ ಕ್ಷಣದಲ್ಲಿಯೂ ವೋಲ್ಟೇಜನ್ನು ಪ್ರವಾಹದಿಂದ ಗುಣಿಸಿ, ಆ ಗುಣಲಬ್ಧಗಳ ಸರಾಸರಿಯನ್ನು ತೆಗೆದರೆ ಮಾತ್ರ ನಿಜವಾದ ಸಾಮರ್ಥ್ಯ ದೊರೆಯುವುದು. ವಿದ್ಯುನ್ಮಾಪಕವೆಂದರೆ ಮೂಲತಃ ಒಂದು ಗುಣಾಕಾರ ಯಂತ್ರ.

ಈ ಗುಣಾಕಾರವನ್ನು ಲೋಹದ ತಟ್ಟೆಯೊಂದರಿಂದ ಮಾಡಿಸಿದ ಕೀರ್ತಿ ಹಂಗೆರಿಯ ಓಟೋ ಬ್ಲಾಟಿಗೆ ಸೇರಬೇಕು. ೧೮೮೯ರಲ್ಲಿ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯಲ್ಲಿ ಅವನು ರಚಿಸಿದ ಮಾಪಕದ ವಂಶಕ್ಕೆ ಸೇರಿದ ಮೀಟರುಗಳು ಬಹುಕಾಲ ನಮ್ಮ ಮನೆಗಳಲ್ಲಿಯೂ ತಿರುಗಿದವು. ವೋಲ್ಟೇಜಿನ ಸುರುಳಿಯೊಂದು, ಪ್ರವಾಹದ ಸುರುಳಿಯೊಂದು, ಇವೆರಡರ ಪ್ರಭಾವದಿಂದ ತಟ್ಟೆ ನಿಜ ಸಾಮರ್ಥ್ಯಕ್ಕೆ ತಕ್ಕ ವೇಗದಲ್ಲಿ ಸುತ್ತುತ್ತಿತ್ತು. ನಾವೀಗ ಕಟ್ಟಹೊರಟಿರುವುದು ಅದೇ ತಟ್ಟೆಯ ಕೆಲಸವನ್ನು ಅಂಕಿಗಳಿಂದ ಮಾಡುವ ಉಪಕರಣವನ್ನು.

ಪ್ರವಾಹವೊಂದನ್ನೇ ಅಳೆದು ೨೩೦ರಿಂದ ಗುಣಿಸಿದರೆ ಸಾಲದೇ ಎಂದು ವಾಚಕರು ಕೇಳಬಹುದು. ೨೩೦ ವೋಲ್ಟಿನಲ್ಲಿ ೧೦೦೦ ವಾಟ್ ಸೆಳೆಯುವ ಇಸ್ತ್ರಿಪೆಟ್ಟಿಗೆಗೆ ಸಂಜೆ ೨೦೦ ವೋಲ್ಟ್ ಮಾತ್ರ ಸಿಕ್ಕಿತೆನ್ನೋಣ. ಆಗ ಅದು ನಿಜವಾಗಿ ಬಳಸುವುದು ಸುಮಾರು ೭೫೬ ವಾಟ್. ನಮ್ಮ ಸುಲಭದ ಲೆಕ್ಕ ಹೇಳುವುದು ಸುಮಾರು ೮೭೦. ಮೋಟರಿನ ವಿಷಯದಲ್ಲಿ ತಪ್ಪು ಇನ್ನೂ ದೊಡ್ಡದು. ೨೩೦ ವೋಲ್ಟಿನಲ್ಲಿ ೨ ಆಂಪೇರ್ ಸೆಳೆಯುವ ಯಂತ್ರಕ್ಕೆ ಸುಲಭದ ಲೆಕ್ಕ ೪೬೦. ಅದರ ಪವರ್ ಫ್ಯಾಕ್ಟರ್ ೦.೬ ಆಗಿದ್ದರೆ ನಿಜ ಸಾಮರ್ಥ್ಯ ೨೭೬ ವಾಟ್ ಮಾತ್ರ. ಇಂಥ ಮಾಪಕವನ್ನು ನಂಬಿ ಒಳ್ಳೆಯ ಯಂತ್ರವನ್ನು ಮಾರಿ ಹೊಸದನ್ನು ಕೊಂಡರೆ ನಷ್ಟ ಯಾರದು?

ಇನ್ನು ರಚನೆಗೆ ಬರೋಣ. ಆರ್ಡುಯಿನೊ ಎಂಬ ಹೆಸರಿನ ಹಲಗೆ ೨೦೦೫ರಲ್ಲಿ ಇಟಲಿಯಲ್ಲಿ ವಿದ್ಯಾರ್ಥಿಗಳಿಗಾಗಿ ರೂಪುಗೊಂಡಿತು. ನಮ್ಮ ಕೆಲಸಕ್ಕೆ ಅದರ ಊನೊ ಮಾದರಿ ಸಾಕು. ಅದು ೦ ಯಿಂದ ೫ ವೋಲ್ಟಿನವರೆಗಿನ ಸಂಕೇತವನ್ನು ೧೦೨೪ ಮೆಟ್ಟಿಲುಗಳಾಗಿ ಓದುತ್ತದೆ. ಪ್ರವಾಹವನ್ನು ತಿಳಿಯಲು ಎಸ್‌ಸಿಟಿ-೦೧೩-೦೦೦ ಎಂಬ ಕಚ್ಚಿಕೊಳ್ಳುವ ಪರಿವರ್ತಕ ದೊರೆಯುತ್ತದೆ. ಬಟ್ಟೆಯ ಕ್ಲಿಪ್ಪಿನಂತೆ ಬಾಯಿ ತೆರೆದು ತಂತಿಯನ್ನು ಒಳಗಿಟ್ಟುಕೊಂಡು ಮುಚ್ಚಿಕೊಳ್ಳುವುದರಿಂದ ತಂತಿಯನ್ನು ಕತ್ತರಿಸಬೇಕಾಗಿಲ್ಲ. ತಂತಿಯಲ್ಲಿ ೧೦೦ ಆಂಪೇರ್ ಹರಿದರೆ ಇದರ ಸುರುಳಿಯಲ್ಲಿ ೫೦ ಮಿಲಿಆಂಪೇರ್ ಹರಿಯುವುದು. ಅಂದರೆ ಎರಡು ಸಾವಿರದಲ್ಲಿ ಒಂದು ಪಾಲು.

ಈ ಸುರುಳಿಯ ಎರಡು ತುದಿಗಳ ನಡುವೆ ೧೦೦ ಓಮ್ ರೋಧಕವನ್ನು ಬೆಸೆಯಬೇಕು. ಆಗ ಸುಮಾರು ೩೫ ಆಂಪೇರ್‌ವರೆಗೆ ಅಳೆಯಬಹುದು. ಸಂಕೇತ ಸೊನ್ನೆಯ ಎರಡೂ ಕಡೆಗೆ ತೂಗುವುದರಿಂದ, ೧೦ ಕಿಲೋಓಮಿನ ಎರಡು ರೋಧಕಗಳೂ ೧೦ ಮೈಕ್ರೊಫ್ಯಾರಡಿನ ಒಂದು ಧಾರಕವೂ ಸೇರಿ ಅದನ್ನು ೨.೫ ವೋಲ್ಟಿನ ಪೀಠದ ಮೇಲೆ ಕೂರಿಸುತ್ತವೆ. ಕ್ಲಿಪ್ಪಿನೊಳಗೆ ಒಂದೇ ತಂತಿ ಇರಬೇಕು. ಹೋಗುವ ತಂತಿಯನ್ನೂ ಬರುವ ತಂತಿಯನ್ನೂ ಕೂಡಿಸಿ ಹಿಡಿದರೆ ಎರಡರ ಕಾಂತಪ್ರಭಾವ ಪರಸ್ಪರ ಅಳಿದು ಮಾಪಕ ಸೊನ್ನೆಯನ್ನು ತೋರುವುದು. ರೋಧಕವಿಲ್ಲದೆ ಬರಿಯ ಸುರುಳಿಯನ್ನು ಪ್ರವಾಹವಿರುವ ತಂತಿಗೆ ಕಚ್ಚಿಸಬಾರದು. ತೆರೆದ ತುದಿಗಳಲ್ಲಿ ಅಪಾಯಕರ ವೋಲ್ಟೇಜು ಹುಟ್ಟಬಹುದು.

ವೋಲ್ಟೇಜನ್ನು ತಿಳಿಯಲು ೨೩೦ ವೋಲ್ಟನ್ನು ೯ ವೋಲ್ಟಿಗೆ ಇಳಿಸುವ, ಪೂರ್ತಿ ಮುಚ್ಚಿದ ಪುಟ್ಟ ಪರಿವರ್ತಕ ಬೇಕು. ಅದರಿಂದ ಹೊರಬರುವುದೂ ಪರ್ಯಾಯ ಪ್ರವಾಹವೇ ಆಗಿರಬೇಕು. ಮೊಬೈಲಿನ ಚಾರ್ಜರ್ ಇದಕ್ಕೆ ಆಗದು. ೧೦೦ ಕಿಲೋಓಮ್ ಮತ್ತು ೧೦ ಕಿಲೋಓಮ್ ರೋಧಕಗಳಿಂದ ಅದನ್ನು ಹನ್ನೊಂದರಲ್ಲೊಂದು ಪಾಲಿಗೆ ಇಳಿಸಿ, ಅದೇ ಪೀಠದ ಮೇಲೆ ಕೂರಿಸಿದರಾಯಿತು. ಹೀಗೆ ಕಟ್ಟಿದ ಉಪಕರಣದ ಒಳಗೆ ಮನೆಯ ೨೩೦ ವೋಲ್ಟ್ ಎಲ್ಲಿಯೂ ಪ್ರವೇಶಿಸುವುದಿಲ್ಲ. ಈ ಬೇರ್ಪಡೆಯೇ ನಮ್ಮ ಪ್ರಾಣರಕ್ಷಣೆ.

ಮೈಕ್ರೊಕಂಟ್ರೋಲರ್ ಒಂದು ಆವರ್ತದ ೨೦ ಮಿಲಿಸೆಕೆಂಡಿನಲ್ಲಿ ವೋಲ್ಟೇಜು, ಪ್ರವಾಹ ಎರಡನ್ನೂ ಸುಮಾರು ೫೦ ಸಲ ಓದಬಲ್ಲದು. ಪ್ರತಿ ಓದಿನಿಂದ ೨.೫ ವೋಲ್ಟಿನ ಪೀಠವನ್ನು ಕಳೆದು, ಜೋಡಿ ಜೋಡಿಯಾಗಿ ಗುಣಿಸಿ, ಕೂಡಿಸಿ, ಜೋಡಿಗಳ ಸಂಖ್ಯೆಯಿಂದ ಭಾಗಿಸಿದರೆ ಸಾಮರ್ಥ್ಯ ಬರುವುದು. ಅದನ್ನು ಕಳೆದ ಸೆಕೆಂಡುಗಳಿಂದ ಗುಣಿಸಿ ಕೂಡಿಸುತ್ತ ಹೋದರೆ ಜೂಲ್‌ಗಳಲ್ಲಿ ಶಕ್ತಿ. ೩೬ ಲಕ್ಷ ಜೂಲ್ ಸೇರಿದರೆ ಒಂದು ಯೂನಿಟ್.

ಯಾವ ತಕ್ಕಡಿಗೂ ಮೊದಲು ಬೊಟ್ಟು ಸರಿಮಾಡಬೇಕು. ಇದಕ್ಕೆ ಸರಬರಾಜು ಕಂಪನಿಯ ಮೀಟರೇ ಸಾಕು. ಅದರ ಮುಖದ ಮೇಲೆ ಯೂನಿಟ್ಟಿಗೆ ೩೨೦೦ ಮಿಣುಕು ಎಂಬರ್ಥದ ಬರಹವಿದ್ದರೆ, ಅದರ ಕೆಂಪು ದೀಪದ ಒಂದೊಂದು ಮಿಣುಕೂ ೧೧೨೫ ಜೂಲ್. ಬೇರೆ ಸಂಖ್ಯೆಯಿದ್ದರೆ ೩೬ ಲಕ್ಷವನ್ನು ಅದರಿಂದ ಭಾಗಿಸಬೇಕು. ಮನೆಯ ಉಳಿದೆಲ್ಲವನ್ನೂ ಆರಿಸಿ, ನೀರು ಕಾಯಿಸುವ ಕೆಟಲ್ ಒಂದನ್ನೇ ಹಚ್ಚಿ, ೧೦೦ ಮಿಣುಕಿಗೆ ಎಷ್ಟು ಸೆಕೆಂಡಾಯಿತೆಂದು ನೋಡಿರಿ. ೮೦ ಸೆಕೆಂಡಾದರೆ ಸಾಮರ್ಥ್ಯ ೧೪೦೬ ವಾಟ್. ನಮ್ಮ ಉಪಕರಣವೂ ಅದನ್ನೇ ತೋರುವಂತೆ ಕಾರ್ಯಕ್ರಮದ ಗುಣಾಂಕವನ್ನು ತಿದ್ದಬೇಕು. ಕೆಟಲಿನ ಪವರ್ ಫ್ಯಾಕ್ಟರ್ ೧. ಉಪಕರಣ ಅದಕ್ಕಿಂತ ಕಡಿಮೆ ತೋರಿದರೆ ಪರಿವರ್ತಕಗಳು ಉಂಟುಮಾಡಿದ ಕಾಲದ ಅಂತರವನ್ನು ಸರಿಪಡಿಸಬೇಕೆಂದು ಅರ್ಥ.

ಹೀಗೆ ಸರಿಪಡಿಸಿದ ಮಾಪಕಕ್ಕೆ ಕಂಪನಿಯ ಮೀಟರೇ ಗುರು. ಗುರುವಿನ ದೋಷವನ್ನು ಶಿಷ್ಯ ತೋರಿಸಲಾರದು. ಅದಕ್ಕೆ ಬೇರೊಂದು ಸಾಕ್ಷಿ ಬೇಕು, ಮತ್ತು ಆ ಸಾಕ್ಷಿ ನೀರೇ. ಒಂದು ಲೀಟರ್ ನೀರು ೨೫ರಿಂದ ೭೫ ಡಿಗ್ರಿ ಸೆಲ್ಸಿಯಸ್‌ಗೆ ಏರಲು ಸುಮಾರು ೨,೦೯,೩೦೦ ಜೂಲ್ ಬೇಕು; ಅಂದರೆ ೧೮೬ ಮಿಣುಕು. ಕೆಟಲನ್ನು ಆರಿಸಿದ ಮೇಲೆ ಉಷ್ಣಮಾಪಕವನ್ನು ಅದ್ದಿ ನೋಡಿರಿ. ಪಾತ್ರೆಯೂ ಗಾಳಿಯೂ ಶಾಖದ ಪಾಲನ್ನು ತೆಗೆದುಕೊಳ್ಳುವುದರಿಂದ ಮಿಣುಕುಗಳು ಸ್ವಲ್ಪ ಹೆಚ್ಚೇ ಆಗಬೇಕು. ಇಮ್ಮಡಿಯಷ್ಟಾದರೆ ಮೀಟರಿನ ಪರೀಕ್ಷೆಗಾಗಿ ಅರ್ಜಿ ಕೊಡಲು ಕಾರಣವುಂಟು. ಮೀಟರನ್ನು ನಾವೇ ಮುಟ್ಟಿ ತಿದ್ದುವುದು ಮಾತ್ರ ೨೦೦೩ರ ವಿದ್ಯುಚ್ಛಕ್ತಿ ಅಧಿನಿಯಮದಂತೆ ಅಪರಾಧ.

ಉಪಕರಣಕ್ಕೆ ಅದರದೇ ಮಿತಿಯೂ ಇದೆ. ಒಂದು ಮೆಟ್ಟಿಲು ಸುಮಾರು ೦.೧ ಆಂಪೇರಿಗೆ ಸಮ. ಆದುದರಿಂದ ಪುಟ್ಟ ಎಲ್‌ಇಡಿ ದೀಪವನ್ನು ಅದು ನಂಬಲರ್ಹವಾಗಿ ಅಳೆಯದು. ಅವಾಹಕದ ಹೊದಿಕೆಯುಳ್ಳ ತಂತಿಯನ್ನು ಕ್ಲಿಪ್ಪಿನೊಳಗೆ ೫ ಸುತ್ತು ಹಾಯಿಸಿ, ಬಂದ ಅಂಕಿಯನ್ನು ೫ರಿಂದ ಭಾಗಿಸಿದರೆ ಸೂಕ್ಷ್ಮತೆ ಐದುಪಟ್ಟು ಹೆಚ್ಚುವುದು. ಮುಖ್ಯ ಫಲಕವನ್ನು ತೆರೆದು ಕ್ಲಿಪ್ಪನ್ನು ಹಾಕುವ ಕೆಲಸವನ್ನು ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರನಿಗೇ ಬಿಡಬೇಕು. ಮುಖ್ಯ ಸ್ವಿಚ್ಚನ್ನು ಆರಿಸಿದರೂ ಮೀಟರಿನಿಂದ ಬರುವ ತಂತಿಯಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ.

ಇಷ್ಟು ಶ್ರಮದ ಫಲವೇನು? ಸಾಮಾನ್ಯವಾಗಿ ಬಿಲ್ಲು ಏರಿದಾಗ ನಾವು ದೂರುವುದು ಗೀಸರನ್ನು. ೨೦೦೦ ವಾಟಿನ ಗೀಸರ್ ದಿನಕ್ಕೆ ಕಾಲು ಗಂಟೆ ಉರಿದರೆ ತಿಂಗಳಿಗೆ ೧೫ ಯೂನಿಟ್. ೭೫ ವಾಟಿನ ಫ್ಯಾನು ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ ೨೨.೫ ಯೂನಿಟ್. ಕಾವಿಲ್ಲದ, ಸದ್ದಿಲ್ಲದ, ಬರಿಯ ೫ ವಾಟಿನ ಪೆಟ್ಟಿಗೆಯೊಂದು ಹಗಲಿರುಳು ಎಚ್ಚರವಾಗಿದ್ದರೆ ೩.೬ ಯೂನಿಟ್, ೧೯೮ಕ್ಕೂ ೨೦೨ಕ್ಕೂ ಇರುವ ಅಂತರವನ್ನು ಅದೊಂದೇ ಬಹುಮಟ್ಟಿಗೆ ತುಂಬಬಲ್ಲದು. ಇವುಗಳಲ್ಲಿ ಯಾವುದು ನಮ್ಮ ಮನೆಯದು ಎಂಬುದನ್ನು ಊಹೆ ಹೇಳಲಾರದು. ಅಳತೆ ಹೇಳಬಲ್ಲದು, ಆದರೆ ಎರಡು ಅಂಶಗಳನ್ನೂ ಕ್ಷಣಕ್ಷಣಕ್ಕೆ ಗುಣಿಸಿ ನೋಡಿದ ಅಳತೆ ಮಾತ್ರ.