ಕಾಣದ ಎಳೆ ಕಡಿದಾಗ

ಮನೆಯಲ್ಲಿ ನೀರು ಬಾರದಿದ್ದರೆ ನಾವು ನಲ್ಲಿಯನ್ನು ನೋಡುತ್ತೇವೆ, ತೊಟ್ಟಿಯನ್ನು ನೋಡುತ್ತೇವೆ, ಬಳಿಕ ಬೀದಿಯ ಕೊಳವೆಯನ್ನು ವಿಚಾರಿಸುತ್ತೇವೆ. ದೀಪ ಆರಿದರೆ ಪಕ್ಕದ ಮನೆಯಲ್ಲಿ ಬೆಳಕಿದೆಯೇ ಎಂದು ಇಣುಕುತ್ತೇವೆ. ಇದು ಹಿರಿಯರಿಂದ ಬಂದ ಸಹಜ ವಿವೇಕ. ಆದರೆ ಕಣ್ಣಿಗೆ ಕಾಣದ ಅಲೆಗಳ ಮೂಲಕ ಲ್ಯಾಪ್‌ಟಾಪಿಗೆ ಬರುವ ಅಂತರ್ಜಾಲವು ಪದೇ ಪದೇ ಕಡಿಯತೊಡಗಿದರೆ ಈ ವಿವೇಕ ನಮ್ಮನ್ನು ಬಿಟ್ಟುಹೋಗುತ್ತದೆ. ವಸ್ತುವನ್ನು ಪರೀಕ್ಷಿಸುವ ಮೊದಲೇ ಮನುಷ್ಯರನ್ನು ದೂಷಿಸುತ್ತೇವೆ. 2024ರ ಮಳೆಗಾಲದಲ್ಲಿ ಧಾರವಾಡದ ನಮ್ಮ ತಮ್ಮನ ಮನೆಯಲ್ಲಿ ನಡೆದುದು ಇದೇ. ಆ ತಪ್ಪಿನಲ್ಲಿ ನಮ್ಮ ಪಾಲೂ ಇದ್ದುದರಿಂದ ಅದನ್ನು ವಾಚಕರ ಮುಂದೆ ಇಡುತ್ತಿದ್ದೇವೆ. ಇಂದು ಇದೇ ತೊಂದರೆ ಅನೇಕ ಗೃಹಸ್ಥರ ಮನೆಗಳಲ್ಲಿದೆ.

ತಮ್ಮನ ಸೊಸೆ ಬೆಂಗಳೂರಿನ ಸಂಸ್ಥೆಯೊಂದರ ಲೆಕ್ಕಪತ್ರದ ಕೆಲಸ ಮಾಡುವವಳು. 2020ರಲ್ಲಿ ಕೊರೊನಾ ಬಂದಾಗ ಕೂಸನ್ನು ಎತ್ತಿಕೊಂಡು ಊರಿಗೆ ಬಂದವಳು ಅಂದಿನಿಂದ ಹಿಂದಿನ ಕೋಣೆಯಲ್ಲಿ ಕುಳಿತು ಆ ಕೆಲಸವನ್ನು ನಡೆಸಿಕೊಂಡು ಬಂದಿದ್ದಳು. ಅತ್ತೆಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿತ್ತು. ಅವರಿಗೆ ಆಸರೆಯಾಗಿದ್ದವಳೂ ಅವಳೇ. ಆ ವರ್ಷ ಸಭೆಗಳ ನಡುವೆ ಅವಳ ಮಾತು ತುಂಡಾಗತೊಡಗಿತು, ಚಿತ್ರ ನಿಂತುಬಿಡತೊಡಗಿತು. ಒಂದು ತಿಂಗಳಲ್ಲಿ ಇದು ಸರಿಹೋಗದಿದ್ದರೆ ಬೆಂಗಳೂರಿನ ಕಚೇರಿಗೇ ಬರಬೇಕೆಂದು ಮೇಲಧಿಕಾರಿ ತಿಳಿಸಿಬಿಟ್ಟರು. ಹೋದರೆ ಮನೆ ಎರಡಾಗುತ್ತದೆ, ಬಿಟ್ಟರೆ ಸಂಬಳ ನಿಲ್ಲುತ್ತದೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಪು. ಅಂತರ್ಜಾಲದ ಕಂಪನಿಯೇ ಮೋಸಗಾರ ಎಂದು ತಮ್ಮ ಹೇಳಿದ. ಲ್ಯಾಪ್‌ಟಾಪ್ ಹಳತಾಯಿತೆಂದು ಅವನ ಮಗ ಠೇವಣಿ ಮುರಿಸಿ ಹೊಸತನ್ನು ಕೊಳ್ಳಲು ಹೊರಟ. ಸೊಸೆಗೆ ಕೆಲಸದಲ್ಲಿ ಮನಸ್ಸಿಲ್ಲವೆಂದು ಅತ್ತೆ ಗೊಣಗಿದರು. ನಾವೋ, ಸಂಜೆ ಫೋನಿನಲ್ಲಿ ಕಾರ್ಟೂನ್ ನೋಡುವ ಐದು ವರ್ಷದ ಮೊಮ್ಮಗನ ಮೇಲೆ ತಪ್ಪು ಹೊರಿಸಿ, ಫೋನನ್ನು ತಿಜೋರಿಯಲ್ಲಿ ಇಡಿಸಿದೆವು. ಮಗು ಅತ್ತು ಮಲಗಿತು. ಮರುದಿನ ಬೆಳಿಗ್ಗೆ ಹಿಂದಿನ ಕೋಣೆಯಿಂದ ಮತ್ತೆ ಅದೇ ಧ್ವನಿ: "ಮಾವಾರ, ಮತ್ತ ಹೋತು!"

ಮೂರು ದಿನದ ದಿನಚರಿ

ಹಿಂದೆ ನಮ್ಮಲ್ಲಿ ಸಂಸ್ಕೃತ ಪಾಠ ಹೇಳಿಸಿಕೊಂಡ ಶಿಷ್ಯರೊಬ್ಬರು ಈಗ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಾರೆ. ಅವರನ್ನು ಕರೆಸಿದೆವು. ಬಂದವರು ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಒಂದು ನೋಟುಪುಸ್ತಕ ಕೇಳಿದರು. "ಗುರುಗಳ, ಮೂರು ದಿವಸ ಬರೆದಿಡ್ರಿ. ಯಾವಾಗ ಹೋತು, ಎಷ್ಟೊತ್ತು ಹೋತು, ಯಾರ್ಯಾರಿಗೆ ಹೋತು. ಅಷ್ಟರೊಳಗ ಏನೂ ಬದಲ ಮಾಡಬ್ಯಾಡ್ರಿ" ಎಂದರು.

ಅವರು ವಿವರಿಸಿದ ಮಾರ್ಗ ಹೀಗಿದೆ. ಅಂತರ್ಜಾಲವು ಲ್ಯಾಪ್‌ಟಾಪನ್ನು ಮುಟ್ಟುವ ಮೊದಲು ನಾಲ್ಕು ಹಂತಗಳನ್ನು ದಾಟುತ್ತದೆ: ಬೀದಿಯಿಂದ ಮನೆಗೆ ಬರುವ ಫೈಬರ್ ತಂತಿ, ಆ ತಂತಿಯನ್ನು ಹಿಡಿಯುವ ಪೆಟ್ಟಿಗೆ ಮತ್ತು ಅಲೆಗಳನ್ನು ಹೊಮ್ಮಿಸುವ ರೂಟರ್, ರೂಟರಿನಿಂದ ಲ್ಯಾಪ್‌ಟಾಪಿನವರೆಗಿನ ಗಾಳಿಯ ದಾರಿ, ಕೊನೆಗೆ ಲ್ಯಾಪ್‌ಟಾಪಿನೊಳಗಿನ ವೈಫೈ ಭಾಗ ಮತ್ತು ಅದನ್ನು ನಡೆಸುವ ತಂತ್ರಾಂಶ. ಎಳೆ ಯಾವ ಹಂತದಲ್ಲಿ ಕಡಿದರೂ ನಮಗೆ ಕಾಣುವ ಫಲ ಒಂದೇ, "ವೈಫೈ ಸರಿಯಿಲ್ಲ". ಆದುದರಿಂದ ಯಾವ ಹಂತದಲ್ಲಿ ಕಡಿಯಿತೆಂದು ತಿಳಿಯದೆ ಮಾಡಿದ ಖರ್ಚು ಕತ್ತಲೆಯಲ್ಲಿ ಎಸೆದ ಕಲ್ಲಿನಂತೆ.

ಮೂರು ದಿನಗಳಲ್ಲಿ ಪುಸ್ತಕದಲ್ಲಿ ಹನ್ನೆರಡು ದಾಖಲೆಗಳಾದವು. ಐದು ಬಾರಿ ಎಲ್ಲರ ಫೋನುಗಳೂ ಲ್ಯಾಪ್‌ಟಾಪೂ ಒಟ್ಟಿಗೆ ನಿಂತಿದ್ದವು, ಪ್ರತಿಬಾರಿಯೂ ಸುಮಾರು ಮೂರು ನಿಮಿಷ. ಏಳು ಬಾರಿ ಲ್ಯಾಪ್‌ಟಾಪ್ ಮಾತ್ರ ತಡವರಿಸಿತ್ತು, ಫೋನುಗಳಿಗೆ ಏನೂ ಆಗಿರಲಿಲ್ಲ. ಮೊಮ್ಮಗನ ಕಾರ್ಟೂನಿನ ಹೊತ್ತಿನಲ್ಲಿ ಒಮ್ಮೆಯೂ ಕಡಿದಿರಲಿಲ್ಲ. ಈ ಕೊನೆಯ ಸಾಲನ್ನು ಓದಿದಾಗ ನಮಗೆ ನಾಚಿಕೆಯಾಯಿತು. ಒಂದೇ ದೋಷವೆಂದು ನಾವು ಹುಡುಕುತ್ತಿದ್ದುದು ನಿಜವಾಗಿ ಒಂದಲ್ಲ. ಅದಕ್ಕಾಗಿಯೇ ಮನೆಯವರ ತೀರ್ಪುಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಮೊದಲನೆಯ ದೋಷ: ವಿದ್ಯುತ್ತು

ಎಲ್ಲರಿಗೂ ಒಟ್ಟಿಗೆ ನಿಂತ ಐದು ಹೊತ್ತುಗಳೂ ಕರೆಂಟು ಹೋದ ಹೊತ್ತುಗಳೇ ಆಗಿದ್ದವು. ಮನೆಯಲ್ಲಿ ಇನ್ವರ್ಟರ್ ಇದೆ, ದೀಪಗಳು ಆರುವುದಿಲ್ಲ. ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ಆದರೆ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವಾಗ ಕಣ್ಣು ಮಿಟುಕಿಸುವಷ್ಟು ಕಾಲ ವಿದ್ಯುತ್ತು ತಪ್ಪುತ್ತದೆ. ದೀಪಕ್ಕೆ ಅದು ಲೆಕ್ಕಕ್ಕಿಲ್ಲ. ರೂಟರ್ ಮಾತ್ರ ಒಂದು ಪುಟ್ಟ ಕಂಪ್ಯೂಟರ್. ಅದು ಆರಿ ಮತ್ತೆ ಮೊದಲಿನಿಂದ ಎಚ್ಚರಗೊಂಡು ಸಂಪರ್ಕ ಕೂಡಿಸಿಕೊಳ್ಳಲು ಎರಡು ಮೂರು ನಿಮಿಷ ಹಿಡಿಯುತ್ತದೆ.

ಇದಕ್ಕೆ ಪರಿಹಾರ ರೂಟರಿಗೆಂದೇ ದೊರೆಯುವ ಕಿರಿಯ ಯುಪಿಎಸ್. ಕೊಳ್ಳುವಾಗ ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿ ಅದಕ್ಕೆ ಹೊಂದುವುದನ್ನೇ ಆರಿಸಬೇಕು. ಅನೇಕ ರೂಟರುಗಳು 12 ವೋಲ್ಟಿನವು. ಫೈಬರ್ ಪೆಟ್ಟಿಗೆಯೂ ರೂಟರೂ ಬೇರೆ ಬೇರೆಯಾಗಿದ್ದರೆ ಎರಡಕ್ಕೂ ಆಸರೆ ಬೇಕು. ಕರೆಂಟು ಇದ್ದೂ ಎಲ್ಲರಿಗೂ ಸಂಪರ್ಕ ತಪ್ಪಿದರೆ ಫೈಬರ್ ಪೆಟ್ಟಿಗೆಯ ದೀಪಗಳನ್ನು ನೋಡಿರಿ. ಎಲ್‌ಓಎಸ್ ಎಂಬ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಹೊರಗಿನಿಂದ ಬೆಳಕಿನ ಸಂಕೇತ ಬರುತ್ತಿಲ್ಲ ಎಂದರ್ಥ. ಆಗ ಮಾತ್ರ ಕಂಪನಿಗೆ ದೂರು ಕೊಡುವುದು ನ್ಯಾಯ.

ಎರಡನೆಯ ದೋಷ: ಗೋಡೆ

ನಿಸ್ತಂತು ಜಾಲದ ಮೊದಲ ಮಾನಕವು 1997ರಲ್ಲಿ ಪ್ರಕಟವಾಯಿತು. ವೈಫೈ ಎಂಬ ಹೆಸರು ಬಂದದ್ದು 1999ರಲ್ಲಿ. ನಮ್ಮ ಮನೆಗಳ ಬಹುತೇಕ ರೂಟರುಗಳು ಎರಡು ಬಗೆಯ ಅಲೆಗಳನ್ನು ಬಳಸುತ್ತವೆ. ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್. ಮೊದಲನೆಯ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್; ಗೋಡೆ ದಾಟುವುದರಲ್ಲಿ ಅದು ಮೇಲು. ಆದರೆ ಆ ದಾರಿಯಲ್ಲಿ ಸಂತೆಯ ಗದ್ದಲ: ನೆರೆಮನೆಯ ರೂಟರುಗಳು, ಬ್ಲೂಟೂತ್ ಉಪಕರಣಗಳು, ಮೈಕ್ರೋವೇವ್ ಒಲೆ ಎಲ್ಲವೂ ಅಲ್ಲೇ. ಎರಡನೆಯ ದಾರಿ ವಿಶಾಲ, ವೇಗವೂ ಹೆಚ್ಚು. ಆದರೆ ದಪ್ಪ ಗೋಡೆಯ ಮುಂದೆ ಅದು ಬೇಗ ಸೋಲುತ್ತದೆ. ಲೋಹದ ತಿಜೋರಿ, ನೀರು ತುಂಬಿದ ತೊಟ್ಟಿ, ಕಬ್ಬಿಣದ ಸರಳು ತುಂಬಿದ ಕಾಂಕ್ರೀಟು ಇವು ಎರಡಕ್ಕೂ ಶತ್ರುಗಳು.

ತಮ್ಮನ ಮನೆ ಹಳೆಯದು. ಗೋಡೆಗಳು ಒಂದೂವರೆ ಅಡಿ ದಪ್ಪ. ರೂಟರ್ ಪಡಸಾಲೆಯ ಮಾಡದಲ್ಲಿ ಟಿವಿಯ ಹಿಂದೆ ಅಡಗಿತ್ತು. ಸೊಸೆಯ ಮೇಜು ಎರಡು ಗೋಡೆಗಳಾಚೆ, ನಡುವೆ ತಿಜೋರಿ. ಅಲ್ಲಿಗೆ 5 ಗಿಗಾಹರ್ಟ್ಸ್ ತಲುಪುತ್ತಲೇ ಇರಲಿಲ್ಲ, 2.4 ಕುಂಟುತ್ತ ತಲುಪುತ್ತಿತ್ತು.

ಇದನ್ನು ಶಿಷ್ಯರು ಪಿಂಗ್ ಎಂಬ ಸಣ್ಣ ಸಾಧನದಿಂದ ತೋರಿಸಿದರು. ಅಮೆರಿಕದ ಮೈಕ್ ಮ್ಯೂಸ್ ಎಂಬವರು 1983ರಲ್ಲಿ ಬರೆದ ಈ ತಂತ್ರಾಂಶ, ಬಾವಿಯಲ್ಲಿ ಕೂಗಿ ಪ್ರತಿಧ್ವನಿ ಕೇಳುವಂತೆ, ಇನ್ನೊಂದು ಯಂತ್ರಕ್ಕೆ ಒಂದು ಕರೆ ಕಳುಹಿಸಿ ಉತ್ತರ ಎಷ್ಟು ಹೊತ್ತಿಗೆ ಬಂತೆಂದು ಅಳೆಯುತ್ತದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಪಿಂಗ್ ಎಂದು ಬರೆದು, ಒಂದು ಜಾಗ ಬಿಟ್ಟು, ರೂಟರಿನ ವಿಳಾಸ ಬರೆಯಬೇಕು. ಆ ವಿಳಾಸ ಸಾಮಾನ್ಯವಾಗಿ ರೂಟರಿನ ತಳದಲ್ಲಿ ಅಚ್ಚಾಗಿರುತ್ತದೆ, 192.168.1.1 ಅಥವಾ 192.168.0.1 ಎಂಬಂತೆ. ರೂಟರಿನ ಬಳಿ ಕುಳಿತು ಕೇಳಿದಾಗ ಎಲ್ಲ ಕರೆಗಳಿಗೂ ಕೆಲವೇ ಮಿಲಿಸೆಕೆಂಡುಗಳಲ್ಲಿ ಉತ್ತರ ಬಂತು. ಹಿಂದಿನ ಕೋಣೆಯಲ್ಲಿ ಕೆಲವು ಉತ್ತರಗಳು ನೂರಾರು ಮಿಲಿಸೆಕೆಂಡು ತಡವಾದವು, ಕೆಲವು ಬರಲೇ ಇಲ್ಲ. ರೂಟರಿನವರೆಗೇ ಉತ್ತರ ತಪ್ಪುತ್ತಿದ್ದರೆ ದೋಷ ಮನೆಯೊಳಗಿನದು, ಕಂಪನಿಯದಲ್ಲ. ತಮ್ಮನ ತೀರ್ಪು ಅಲ್ಲಿಗೆ ಬಿದ್ದುಹೋಯಿತು.

ಮೂರನೆಯ ದೋಷ: ಪಕ್ಕದಲ್ಲೇ ಇದ್ದ ಡಿಸ್ಕ್

ಇನ್ನೂ ಒಂದು ಪ್ರಶ್ನೆ ಉಳಿಯಿತು. ಗೋಡೆ ದಿನವಿಡೀ ಅಲ್ಲೇ ಇದೆ. ಲ್ಯಾಪ್‌ಟಾಪ್ ಆ ಏಳು ಹೊತ್ತಿನಲ್ಲಿ ಮಾತ್ರ ಪೂರ್ತಿ ಕಡಿದುಕೊಂಡಿದ್ದೇಕೆ? ಶಿಷ್ಯರು ಆ ಸಮಯಗಳನ್ನು ಸೊಸೆಗೆ ಓದಿ ಹೇಳಿದರು. ಅವಳು ಕ್ಷಣಕಾಲ ಯೋಚಿಸಿ, ಲೆಕ್ಕದ ಕಡತಗಳ ಪ್ರತಿ ತೆಗೆಯಲು ಹೊರಗಿನ ಹಾರ್ಡ್ ಡಿಸ್ಕನ್ನು ಜೋಡಿಸುವ ಹೊತ್ತು ಅವೇ ಎಂದಳು.

ಕಾರಣ ಅದೇ ಆಗಿತ್ತು. ಯುಎಸ್‌ಬಿ 3 ಎಂಬ ವೇಗದ ಜೋಡಣೆಯಲ್ಲಿ ಮಾಹಿತಿ ಹರಿಯುವಾಗ ಹೊಮ್ಮುವ ಗದ್ದಲವು 2.4 ಗಿಗಾಹರ್ಟ್ಸ್ ದಾರಿಯ ಮೇಲೆಯೇ ಬೀಳುತ್ತದೆ. ಇಂಟೆಲ್ ಸಂಸ್ಥೆ ಇದನ್ನು 2012ರಲ್ಲಿಯೇ ಪರೀಕ್ಷಿಸಿ ಪ್ರಕಟಿಸಿದೆ. ರೂಟರ್ ಹತ್ತಿರವಿದ್ದರೆ ಈ ಗದ್ದಲ ಗೊತ್ತಾಗದಿರಬಹುದು. ದೂರದ ಕ್ಷೀಣ ಧ್ವನಿಯನ್ನು ಕಿವಿಗೊಟ್ಟು ಕೇಳುವವನ ಪಕ್ಕದಲ್ಲಿ ಡೋಲು ಬಾರಿಸಿದರೆ ಮಾತ್ರ ಅವನಿಗೆ ಏನೂ ಕೇಳದು. ಗೋಡೆಯು ಲ್ಯಾಪ್‌ಟಾಪನ್ನು 2.4ರ ದಾರಿಗೆ ತಳ್ಳಿತ್ತು, ಡಿಸ್ಕ್ ಆ ದಾರಿಯನ್ನೂ ಮುಚ್ಚಿತ್ತು.

ಒಂದು ಉದ್ದ ಜಾಲ ತಂತಿ ಎಳೆದು ರೂಟರನ್ನು ನಡುಮನೆಯ ಎತ್ತರದ ಹಲಗೆಯ ಮೇಲೆ ಇಡಿಸಿದೆವು. ಲ್ಯಾಪ್‌ಟಾಪ್ 5 ಗಿಗಾಹರ್ಟ್ಸ್ ಹಿಡಿಯಿತು. ಡಿಸ್ಕನ್ನು ಸಭೆ ಮುಗಿದ ಬಳಿಕವೇ ಜೋಡಿಸುವುದೆಂದಾಯಿತು. ಪೆಟ್ಟಿಗೆಗೊಂದು, ರೂಟರಿಗೊಂದು ಯುಪಿಎಸ್ ಬಂದವು. ಒಟ್ಟು ಖರ್ಚು ನಾಲ್ಕು ಸಾವಿರ ರೂಪಾಯಿಯ ಒಳಗೆ. ಠೇವಣಿ ಮುರಿಯಲಿಲ್ಲ.

ಲ್ಯಾಪ್‌ಟಾಪಿನದೇ ತಪ್ಪಾಗಿದ್ದರೆ

ಎಲ್ಲ ಮನೆಯ ದೋಷವೂ ಇದೇ ಆಗಿರಬೇಕೆಂದಿಲ್ಲ. ರೂಟರಿನ ಪಕ್ಕದಲ್ಲಿ ಕುಳಿತರೂ ಲ್ಯಾಪ್‌ಟಾಪ್ ಒಂದೇ ತಡವರಿಸಿದರೆ, ಫೋನಿನ ಹಾಟ್‌ಸ್ಪಾಟ್‌ಗೆ ಕೂಡಿಸಿದಾಗಲೂ ಅದೇ ಗತಿಯಾದರೆ, ಆಗ ಲ್ಯಾಪ್‌ಟಾಪನ್ನೇ ಶಂಕಿಸಬೇಕು. ಮೊದಲು ಅದನ್ನು ಪೂರ್ತಿ ಆರಿಸಿ ಹೊತ್ತಿಸಿರಿ. ಬಳಿಕ ಉಳಿಸಿಟ್ಟ ವೈಫೈ ಹೆಸರನ್ನು ಮರೆಯುವಂತೆ ಮಾಡಿ, ಪಾಸ್‌ವರ್ಡ್ ಕೊಟ್ಟು ಹೊಸದಾಗಿ ಕೂಡಿಸಿರಿ. ತುಸು ಹೊತ್ತು ಸುಮ್ಮನಿದ್ದ ಮೇಲೆ ಮಾತ್ರ ಸಂಪರ್ಕ ತಪ್ಪುತ್ತಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಭಾಗದ ಪವರ್ ಮ್ಯಾನೇಜ್‌ಮೆಂಟ್ ಎಂಬ ಪುಟವನ್ನು ತೆರೆಯಿರಿ. ವಿದ್ಯುತ್ ಉಳಿಸಲು ಈ ಭಾಗವನ್ನು ಆರಿಸಬಹುದೆಂಬ ಗುರುತು ಅಲ್ಲಿದ್ದರೆ ತೆಗೆಯಿರಿ. ತಯಾರಕರ ತಾಣದಿಂದ ವೈಫೈ ಡ್ರೈವರನ್ನು ಹೊಸದಾಗಿಸಿರಿ. ಇವು ಫಲಿಸದಿದ್ದರೆ ಕೊನೆಗೆ ನೆಟ್‌ವರ್ಕ್ ರೀಸೆಟ್. ಅದಕ್ಕೆ ಮುನ್ನ ಪಾಸ್‌ವರ್ಡುಗಳನ್ನು ಬರೆದಿಟ್ಟುಕೊಳ್ಳಿರಿ, ಏಕೆಂದರೆ ಉಳಿಸಿಟ್ಟವೆಲ್ಲ ಅಳಿಯುತ್ತವೆ. ಒಂದು ಬಾರಿಗೆ ಒಂದನ್ನೇ ಬದಲಿಸಿ, ಒಂದು ದಿನ ನೋಡಿ, ಬರೆದಿಡಿರಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಗುಣವಾದರೂ ಮದ್ದು ಯಾವುದೆಂದು ತಿಳಿಯದು. ಒಳಗಿನ ವೈಫೈ ಭಾಗವೇ ಕೆಟ್ಟಿದ್ದರೂ ಯುಎಸ್‌ಬಿಗೆ ಚುಚ್ಚುವ ಪುಟ್ಟ ವೈಫೈ ಅಡಾಪ್ಟರ್ ಸಾಕಾಗಬಹುದು. ಅದಕ್ಕಾಗಿ ಹೊಸ ಲ್ಯಾಪ್‌ಟಾಪ್ ಬೇಕಿಲ್ಲ. ದೂರದಿಂದಲೇ ಸರಿಪಡಿಸುತ್ತೇವೆಂದು ತಾವಾಗಿ ಕರೆ ಮಾಡುವ ಅಪರಿಚಿತರಿಗೆ ಮಾತ್ರ ಪಾಸ್‌ವರ್ಡನ್ನಾಗಲಿ ಲ್ಯಾಪ್‌ಟಾಪಿನ ಹಿಡಿತವನ್ನಾಗಲಿ ಕೊಡಬೇಡಿರಿ.

ತಿಂಗಳ ಗಡುವು ಮುಗಿಯುವ ಮೊದಲೇ ಸೊಸೆಯ ಸಭೆಗಳು ನಿರಾತಂಕವಾದವು; ಬೆಂಗಳೂರಿನ ಮಾತು ನಿಂತಿತು. ಅತ್ತೆ ಕ್ಷಮೆಯ ಮಾತನ್ನೇನೂ ಆಡಲಿಲ್ಲ. ಆದರೆ ಸಭೆ ನಡೆಯುವಾಗ ಆ ಕೋಣೆಯ ಬಾಗಿಲನ್ನು ಸದ್ದಾಗದಂತೆ ಎಳೆದು, ಕೋಲು ಊರುತ್ತ ಹಿಂದಿರುಗುವುದನ್ನು ನಾವು ಕಂಡೆವು. ನಾವು ತಿಜೋರಿಯಿಂದ ಫೋನು ತೆಗೆಸಿ ಮೊಮ್ಮಗನ ಕೈಗೆ ಕೊಟ್ಟು, ತಪ್ಪು ನಿನ್ನದಲ್ಲ, ಈ ಅಜ್ಜನದು ಎಂದೆವು. "ಹಂಗಾದರ ನೀವೂ ಕುಂದರ್ರಿ" ಎಂದು ಅವನು ಪಕ್ಕದಲ್ಲಿ ಜಾಗ ಮಾಡಿದ. ಆ ಸಂಜೆ ನಾವೂ ಕಾರ್ಟೂನ್ ನೋಡಿದೆವು.

ನಿಮ್ಮ ಮನೆಯಲ್ಲಿಯೂ ಈ ಎಳೆ ಕಡಿದರೆ, ಯಾರ ಹೆಸರನ್ನಾದರೂ ಎತ್ತುವ ಮೊದಲು ಒಂದು ನೋಟುಪುಸ್ತಕವನ್ನು ಎತ್ತಿಕೊಳ್ಳಿರಿ ಎಂಬುದೇ ನಮ್ಮ ವಿನಂತಿ.